ಗೆದ್ದೆವು, ಸೋತರು, ನಡೆದುಹೋಯಿತು

2021ರ ಆಗಸ್ಟ್ 5ರ ಬೆಳಗ್ಗೆ. ಟೋಕಿಯೊದ ಹಾಕಿ ಅಂಗಳದಲ್ಲಿ ಪಂದ್ಯ ಮುಗಿದಿತ್ತು. ಗೋಲ್‌ಕೀಪರ್ ಶ್ರೀಜೇಶ್ ಗೋಲುಗಂಬದ ನೆತ್ತಿಗೆ ಹತ್ತಿ ಕುಳಿತಿದ್ದರು. ಜರ್ಮನಿಯೆದುರು 1–3ರ ಹಿನ್ನಡೆಯಲ್ಲಿದ್ದ ತಂಡ 5–4ಕ್ಕೆ ಗೆದ್ದು ಕಂಚು ಹಿಡಿದಿತ್ತು. ಒಲಿಂಪಿಕ್ ಹಾಕಿಯಲ್ಲಿ ಭಾರತ ಪದಕ ಕಂಡು 41 ವರ್ಷಗಳಾಗಿದ್ದವು. ನಾನು ಕಣ್ಣೊರೆಸಿಕೊಂಡು ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಒಂದೇ ಪದ ಬರೆದೆ: ‘ಗೆದ್ದೆವು!’

ಅದರ ಮೇಲೆಯೇ ಹಿಂದಿನ ದಿನದ ನನ್ನ ಸಂದೇಶವಿತ್ತು. ಮಹಿಳೆಯರ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ 2–1ರಿಂದ ಗೆದ್ದ ಮೇಲೆ ಬರೆದದ್ದು: ‘ಸೋತರು. ಕೊನೆಕೊನೆಗೆ ಪಾಸ್ ಕೊಡುವುದನ್ನೇ ಮರೆತರು.’

ಒಂದೇ ಬೆರಳು, ಒಂದೇ ಪರದೆ, ನಡುವೆ ಒಂದು ರಾತ್ರಿ. ಗೆದ್ದವರು ನಾವು, ಸೋತವರು ಅವರು. ಗೆದ್ದೆತ್ತಿನ ಬಾಲ ಹಿಡಿಯುವುದು ಎಂಬ ಮಾತನ್ನು ಬೇರೆಯವರ ಬಗ್ಗೆ ಎಷ್ಟೋ ಸಲ ಆಡಿದ್ದೇನೆ. ಆವತ್ತು ನನ್ನ ಕೈಯಲ್ಲೇ ಬಾಲವಿತ್ತು. ಇಂಗ್ಲಿಷಿನಲ್ಲಾದರೆ ‘ನಾವು’ ಎಂಬ ಪದವನ್ನು ಬೇರೆಯಾಗಿ ಬರೆಯಬೇಕು, ಬರೆಯುವಾಗ ಒಂದು ಕ್ಷಣ ಯೋಚನೆಯಾದರೂ ಬಂದೀತು. ಕನ್ನಡದಲ್ಲಿ ಅದು ಕ್ರಿಯಾಪದದ ತುದಿಯಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ‘ಎವು’ ಎಂಬ ಎರಡಕ್ಷರದ ಬಾಲ ಹಿಡಿದು ನಾನು ಟೋಕಿಯೊ ತಲುಪಿಬಿಟ್ಟಿದ್ದೆ.

ಶಾಲೆಯ ವ್ಯಾಕರಣದಲ್ಲಿ ನಾನು, ನಾವು ಎಂಬುವಕ್ಕೆ ಉತ್ತಮ ಪುರುಷ ಎಂದು ಹೆಸರು. ಅವನು, ಅವರು ಎಂಬುವಕ್ಕೆ ಅನ್ಯಪುರುಷ. ಪಾರಿಭಾಷಿಕ ಪದಗಳೇ ಆದರೂ ಹೆಸರಿಟ್ಟವರಿಗೆ ನನ್ನಂಥ ಪ್ರೇಕ್ಷಕರ ಪರಿಚಯವಿತ್ತೇನೋ ಎಂದು ಅನುಮಾನ. ಗೆದ್ದಾಗ ಉತ್ತಮ, ಸೋತಾಗ ಅನ್ಯ.

ಇನ್ನೊಂದು ವಿಷಯ. ತಮಿಳಿನಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಪದಗಳಿವೆ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ ನಾಮ್, ಅವರನ್ನು ಬಿಟ್ಟರೆ ನಾಂಗಳ್. ತೆಲುಗಿನಲ್ಲಿ ಮನಮು ಮತ್ತು ಮೇಮು, ತುಳುವಿನಲ್ಲಿ ನಮ ಮತ್ತು ಎಂಕುಲು. ಅಕ್ಕಪಕ್ಕದ ಭಾಷೆಗಳೆಲ್ಲ ‘ನೀನೂ ಇದರಲ್ಲಿ ಇದ್ದೀಯೋ ಇಲ್ಲವೋ’ ಎಂಬುದನ್ನು ಬಾಯಿ ತೆರೆದ ಕೂಡಲೇ ತಿಳಿಸಿಬಿಡುತ್ತವೆ. ಇಂದಿನ ಕನ್ನಡಕ್ಕೆ ಇರುವುದು ಒಂದೇ ‘ನಾವು’. ಅದರೊಳಗೆ ಯಾರಿದ್ದಾರೆ, ಯಾರು ಹೊಸ್ತಿಲಾಚೆ ನಿಂತಿದ್ದಾರೆ ಎಂಬುದನ್ನು ಆಡಿದವನೂ ಹೇಳುವುದಿಲ್ಲ, ಕೇಳಿದವನೂ ವಿಚಾರಿಸುವುದಿಲ್ಲ.

ಅದೇ ದಿನ ಇನ್ನೊಂದು ಸುದ್ದಿ ಬಂತು. ಸೆಮಿಫೈನಲ್ ಸೋತ ಸಂಜೆ, ಹರಿದ್ವಾರದ ಹತ್ತಿರದ ರೋಶನಾಬಾದ್‌ನಲ್ಲಿ ಆಟಗಾರ್ತಿ ವಂದನಾ ಕಟಾರಿಯಾ ಅವರ ಮನೆಯ ಮುಂದೆ ಕೆಲವರು ಪಟಾಕಿ ಹೊಡೆದು ಕುಣಿದಿದ್ದರು. ತಂಡದಲ್ಲಿ ದಲಿತರು ಹೆಚ್ಚಾಗಿದ್ದರಿಂದಲೇ ಸೋತದ್ದು ಎಂದು ಜಾತಿ ಹಿಡಿದು ಬೈದಿದ್ದರು. ಕುಟುಂಬ ದೂರು ಕೊಟ್ಟಿತು, ಬಂಧನವೂ ಆಯಿತು. ಕೆಲವೇ ದಿನಗಳ ಹಿಂದೆ, ಜುಲೈ 31ರಂದು, ದಕ್ಷಿಣ ಆಫ್ರಿಕಾ ವಿರುದ್ಧ ಇದೇ ವಂದನಾ ಮೂರು ಗೋಲು ಹೊಡೆದು, ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಭಾರತದ ಮೊದಲ ಮಹಿಳೆಯಾಗಿದ್ದರು. ಆ ದಿನ ನಮ್ಮ ಗುಂಪಿನಲ್ಲಿ ಏನು ಬರೆದಿದ್ದೆವು ಎಂದು ಮೇಲಕ್ಕೆ ಸರಿಸಿ ನೋಡಿದೆ. ಊಹಿಸಿದಂತೆಯೇ ಇತ್ತು: ‘ಗೆದ್ದೆವು.’

ಸುದ್ದಿಯ ಕೊಂಡಿ ಗುಂಪಿಗೆ ಬಂದಾಗ ಒಬ್ಬ ಗೆಳೆಯ ಬರೆದ: ‘ನಡೆಯಬಾರದ್ದು ನಡೆದುಹೋಯಿತು.’ ಇನ್ನೊಬ್ಬ: ‘ಯಾರೋ ನಾಲ್ಕು ಜನ ಕಿಡಿಗೇಡಿಗಳು.’ ಮತ್ತೊಬ್ಬ: ‘ಹೊರದೇಶದ ಪತ್ರಿಕೆಗಳಲ್ಲೂ ಬಂದಿದೆಯಂತೆ. ಮಾನ ಹೋಯಿತು.’ ನಾನು ಕೈ ಮುಗಿದ ಚಿತ್ರವೊಂದನ್ನು ಹಾಕಿದೆ. ಅದಕ್ಕೆ ಯಾವ ಪುರುಷವೂ ಇಲ್ಲ, ಕಾಲವೂ ಇಲ್ಲ. ಬಹಳ ಅನುಕೂಲದ ಭಾಷೆ.

‘ನಡೆದುಹೋಯಿತು.’ ಇದು ನಮ್ಮ ಮೂರನೆಯ ರೂಪ. ಗೆದ್ದರೆ ಉತ್ತಮ ಪುರುಷ, ಸೋತರೆ ಅನ್ಯಪುರುಷ, ನಾಚಿಕೆಯ ವಿಷಯ ಬಂದರೆ ನಪುಂಸಕಲಿಂಗ ಏಕವಚನ. ಮಡಕೆ ಒಡೆದ ಮಗು ‘ಒಡೆದುಹೋಯಿತು’ ಎನ್ನುತ್ತದೆ, ಮಡಕೆ ತಾನೇ ಮನಸ್ಸು ಮಾಡಿ ಒಡೆದುಕೊಂಡಂತೆ. ಇತಿಹಾಸವನ್ನೂ ನಾವು ಇದೇ ಧಾಟಿಯಲ್ಲಿ ಹೇಳುತ್ತೇವೆ. ವಿಭಜನೆ ಆಯಿತು, ಗಲಭೆ ನಡೆಯಿತು, ಲಕ್ಷಗಟ್ಟಲೆ ಜನ ಸತ್ತರು. ‘ಕೊಂದೆವು’ ಎಂಬ ರೂಪ ವ್ಯಾಕರಣದಲ್ಲಿದೆ. ಯಾರ ಬಾಯಲ್ಲೂ ಕೇಳಿದ ನೆನಪಿಲ್ಲ.

ಆವತ್ತಿನಿಂದ ಅಂತರರಾಷ್ಟ್ರೀಯ ಪಂದ್ಯ ನೋಡುವಾಗ ಕಿವಿ ಈ ತುದಿಗಳ ಮೇಲೆಯೇ ಇರುತ್ತದೆ. ಒಂದು ಬಗೆಯ ಚಟ ಎನ್ನಿ. ಸ್ಕೋರು ಮರೆತರೂ ವೀಕ್ಷಕ ವಿವರಣೆಗಾರ ಯಾವಾಗ ‘ನಾವು’ ಎಂದ, ಯಾವಾಗ ‘ಅವರು’ ಎಂದ ಎಂಬುದು ನೆನಪಿರುತ್ತದೆ.

ವಂದನಾ ಮನೆಯ ಸುದ್ದಿ ಓದಿದಾಗ ಮೊದಲು ನೆನಪಾದವರು ಪಾಲ್ವಂಕರ್ ಬಾಲೂ. ಈ ದೇಶದ ಮೊದಲ ದೊಡ್ಡ ಎಡಗೈ ಸ್ಪಿನ್ನರ್. ಚಮ್ಮಾರ ಕುಲದವರು. ಪುಣೆಯಲ್ಲಿ ಯುರೋಪಿಯನ್ನರ ಜಿಮ್ಖಾನಾದಲ್ಲಿ ಪಿಚ್ ನೋಡಿಕೊಳ್ಳುವ ಕೆಲಸಕ್ಕಿದ್ದು, ನೆಟ್ಸ್‌ನಲ್ಲಿ ಸಾಹೇಬರಿಗೆ ಬೌಲಿಂಗ್ ಮಾಡುತ್ತ ಕೈ ಪಳಗಿಸಿಕೊಂಡವರು. ಅಲ್ಲಿಯ ಹಿಂದೂ ಕ್ಲಬ್ಬಿಗೆ ಬಿಳಿಯರನ್ನು ಸೋಲಿಸುವ ಆಸೆ. ಸೋಲಿಸಬಲ್ಲ ಕೈ ಮಾತ್ರ ಬಾಲೂ ಅವರದು. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟಿದರು. ಚಹಾ ವಿರಾಮದಲ್ಲಿ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲು, ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ.

ಚೆಂಡು ಚರ್ಮದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು. ಚರ್ಮ ಹದ ಮಾಡುವವನನ್ನು ಮುಟ್ಟಿದರೆ ಮೈಲಿಗೆ, ಹದವಾದ ಚರ್ಮವನ್ನು ಎರಡೂ ಕೈಯಲ್ಲಿ ಹಿಡಿದರೆ ಕ್ಯಾಚು.

1906ರಲ್ಲಿ ಬಾಂಬೆಯಲ್ಲಿ ಹಿಂದೂ ತಂಡ ಯುರೋಪಿಯನ್ನರ ತಂಡವನ್ನು ಸೋಲಿಸಿದಾಗ ಬಾಲೂ ಅವರ ಬೌಲಿಂಗ್ ದೊಡ್ಡ ಬಲವಾಗಿತ್ತು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಹೋದ ಅಖಿಲ ಭಾರತ ತಂಡ ಪಂದ್ಯದ ಮೇಲೆ ಪಂದ್ಯ ಸೋತಿತು. ಬಾಲೂ ಒಬ್ಬರೇ 114 ವಿಕೆಟ್ ತೆಗೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಎಂದೂ ಸಿಗಲಿಲ್ಲ. 1920ರಲ್ಲಿ ಬಾಲೂ ಅವರನ್ನು ತಂಡದಿಂದ ಕೈಬಿಟ್ಟು, ಅವರ ತಮ್ಮ ವಿಠ್ಠಲ್ ಅವರನ್ನೂ ನಾಯಕತ್ವದಿಂದ ಬದಿಗೆ ಸರಿಸಿದಾಗ ವಿಠ್ಠಲ್ ಮತ್ತು ಇನ್ನೊಬ್ಬ ತಮ್ಮ ಶಿವರಾಮ್ ಆಡುವುದಿಲ್ಲ ಎಂದು ಹೊರಬಂದರು. 1923ರಲ್ಲಿ ವಿಠ್ಠಲ್ ನಾಯಕರಾದರು, ಕಪ್ಪನ್ನೂ ಗೆದ್ದರು. ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಹೆಗಲು ಕೊಟ್ಟವರಲ್ಲಿ ಎಷ್ಟು ಮಂದಿ ಮನೆಗೆ ಹೋಗಿ ಸ್ನಾನ ಮಾಡಿದರೋ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೆಟ್ಟ ಪ್ರಶ್ನೆಯೇ ಇರಬಹುದು.

ಬಾಲೂ ವಿಕೆಟ್ ಕಿತ್ತ ಸಂಜೆ ಆ ಕ್ಲಬ್ಬಿನವರು ‘ಗೆದ್ದೆವು’ ಎಂದಿರುತ್ತಾರೆ. ಅದೇ ಸಂಜೆ ಹೊರಗೆ ಕುಡಿಕೆ ಹಿಡಿದು ನಿಂತಿದ್ದವರು ಆ ‘ಎವು’ವಿನೊಳಗೆ ಇದ್ದರೇ? ತಮಿಳಿನವರಾದರೆ ಯಾವ ಪದ ಬಳಸಬೇಕು ಎಂದು ತಡವರಿಸುತ್ತಿದ್ದರು.

ವಂದನಾ ಅವರ ತಂಡವನ್ನು ಸೋಲಿಸಿದ್ದು ಅರ್ಜೆಂಟೀನಾ. ಸ್ಪ್ಯಾನಿಷ್ ಕೂಡ ಕನ್ನಡದಂತೆಯೇ. ‘ನಾವು’ ಎಂದು ಬೇರೆ ಹೇಳಬೇಕಿಲ್ಲ, ಕ್ರಿಯಾಪದದ ಬಾಲವೇ ಸಾಕು. ಗಾನಾಮೋಸ್ ಎಂದರೆ ಗೆದ್ದೆವು. ಆ ಒಂದು ಪದಕ್ಕೆ ಆ ದೇಶದಲ್ಲಿ ಒಂದು ಚರಿತ್ರೆಯಿದೆ.

1976ರ ಮಾರ್ಚ್‌ನಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿಯಿತು. ವಿದ್ಯಾರ್ಥಿಗಳು, ಕಾರ್ಮಿಕ ಸಂಘಟಕರು, ಪತ್ರಕರ್ತರು, ಬಸುರಿಯರು ಎನ್ನದೆ ಜನರನ್ನು ಹೊತ್ತೊಯ್ಯತೊಡಗಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. ಬ್ಯೂನಸ್ ಐರಿಸ್‌ನ ನೌಕಾಪಡೆಯ ಯಾಂತ್ರಿಕ ಶಾಲೆ, ಎಸ್ಮಾ, ಅತಿ ದೊಡ್ಡ ಗುಪ್ತ ಸೆರೆಮನೆಗಳಲ್ಲಿ ಒಂದಾಗಿತ್ತು. ಸುಮಾರು 5,000 ಜನರನ್ನು ಅಲ್ಲಿ ಕೂಡಿಹಾಕಿದ್ದರು. ಜೀವಂತ ಹೊರಬಂದವರು ಕೆಲವೇ ನೂರು. 1978ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ನಡೆದ ಮಾನ್ಯುಮೆಂಟಲ್ ಕ್ರೀಡಾಂಗಣ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಗೋಲು ಬಿದ್ದಾಗಿನ ಗರ್ಜನೆ ಸೆರೆಯಾಳುಗಳಿಗೆ ಕೇಳಿಸುತ್ತಿತ್ತು. ಅವರಲ್ಲೇ ಕೆಲವರು ಗೋಲಿಗೆ ಸಂಭ್ರಮಿಸಿದರು ಎಂಬ ಸಾಕ್ಷ್ಯವೂ ಇದೆ. ಅದನ್ನು ಓದಿದ ದಿನ ನಾನು ಬಹಳ ಹೊತ್ತು ಬೇರೇನೂ ಓದಲಿಲ್ಲ.

ಜೂನ್ 25. ಅರ್ಜೆಂಟೀನಾ ನೆದರ್ಲೆಂಡ್ಸ್ ತಂಡವನ್ನು 3–1ರಿಂದ ಸೋಲಿಸಿತು. ನಾಯಕ ಪಸರೆಲ್ಲಾ ಕೈಗೆ ಕಪ್ಪು ಬಂದದ್ದು ಸರ್ವಾಧಿಕಾರಿ ವಿಡೆಲಾ ಮೂಲಕ. ಆ ರಾತ್ರಿ ಎಸ್ಮಾದಲ್ಲಿ ಚಿತ್ರಹಿಂಸೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಅಧಿಕಾರಿ ಹೋರ್ಹೆ ಅಕೋಸ್ತಾ ಸೆರೆಯಾಳುಗಳಿದ್ದ ಕೋಣೆಗೆ ನುಗ್ಗಿ ‘ಗಾನಾಮೋಸ್! ಗಾನಾಮೋಸ್!’ ಎಂದು ಕೂಗುತ್ತ ಗಂಡಸರ ಕೈ ಕುಲುಕಿದ, ಹೆಂಗಸರನ್ನು ಅಪ್ಪಿಕೊಂಡ. ಬದುಕುಳಿದ ಮಹಿಳೆಯೊಬ್ಬರು ಮುಂದೆ ಇದನ್ನು ನೆನೆದು ಹೇಳಿದ ಮಾತಿನ ಸಾರ ಇಷ್ಟು: ಇವನು ಗೆದ್ದಿದ್ದಾನೆ ಎಂದರೆ ನಾವು ಸೋತಿದ್ದೇವೆ ಎಂದು ನನಗೆ ಆಗ ಖಚಿತವಾಯಿತು.

ಆಮೇಲೆ ಅವರನ್ನೂ ಇನ್ನು ಕೆಲವರನ್ನೂ ಕಾರಿನಲ್ಲಿ ಕೂರಿಸಿ ಸಂಭ್ರಮ ನೋಡಲು ಬೀದಿಗೆ ಕರೆದೊಯ್ದರು. ಬೀದಿ ತುಂಬ ಬಾವುಟ, ಹಾಡು, ಕುಣಿತ. ಆಕೆ ಕಾರಿನ ಮಾಡಿನ ಕಿಂಡಿಯಿಂದ ತಲೆ ಹೊರಹಾಕಿ ನಿಂತರು. ‘ನಾನು ಕಾಣೆಯಾದವಳು’ ಎಂದು ಕೂಗಿದರೂ ಯಾರೂ ಗಮನಿಸುವುದಿಲ್ಲ ಎಂದು ಅವರಿಗೆ ಹೊಳೆಯಿತು. ಕೂಗಲಿಲ್ಲ. ಸುತ್ತಲೂ ಸಾವಿರಾರು ಜನ ಒಂದೇ ಪದ ಕೂಗುತ್ತಿದ್ದರು.

ಆ ಬೀದಿಯ ಜನರನ್ನು ದೂರುವುದು ನನ್ನಿಂದಾಗದು. ಬಹುಪಾಲು ಜನಕ್ಕೆ ಅದು ಬರೀ ಸಂತೋಷ. ತರಬೇತುದಾರ ಮೆನೊಟ್ಟಿ ಎಡಪಂಥದವರು. ಆ ಗೆಲುವು ಜನರದ್ದೇ ಹೊರತು ಸೇನಾಧಿಕಾರಿಗಳದ್ದಲ್ಲ ಎಂಬುದೇ ಅವರ ನಿಲುವಾಗಿತ್ತು. ಇರಬಹುದು. ಆದರೆ ಅಕೋಸ್ತಾ ಕೂಗಿದ ‘ಎವು’ವೂ ಬೀದಿಯ ಹುಡುಗ ಕೂಗಿದ ‘ಎವು’ವೂ ಕಿವಿಗೆ ಬೇರೆ ಬೇರೆಯಾಗಿ ಕೇಳಿಸುವುದಿಲ್ಲವಲ್ಲ. ನನಗೆ ಇರಿಯುವುದು ಇದೇ. ಅಕೋಸ್ತಾಗೆ ಜೀವಾವಧಿ ಶಿಕ್ಷೆಯಾಗುವ ಹೊತ್ತಿಗೆ 2011 ಬಂದಿತ್ತು. ಎಸ್ಮಾ ಈಗ ಸ್ಮಾರಕ ವಸ್ತುಸಂಗ್ರಹಾಲಯ. ಕ್ರೀಡಾಂಗಣದಲ್ಲಿ ಇಂದಿಗೂ ಪಂದ್ಯಗಳು ನಡೆಯುತ್ತವೆ.

ಆ ಮಹಿಳೆಯನ್ನು ‘ನಾವು’ ಎಂಬ ಪದ ನುಂಗಿತು. ಅದೇ ಪದವನ್ನು ಬಲವಂತವಾಗಿ ಮೈಮೇಲೆ ತೊಡಿಸಿಕೊಂಡವರೂ ಇದ್ದಾರೆ. 1936ರ ಆಗಸ್ಟ್ 9ರಂದು ಬರ್ಲಿನ್‌ನಲ್ಲಿ ಮ್ಯಾರಥಾನ್ ಗೆದ್ದ ಓಟಗಾರ ಕೊರಿಯಾದ ಸೋನ್ ಕೀ ಚಂಗ್. 1910ರಿಂದ ಕೊರಿಯಾ ಜಪಾನಿನ ಕೈಯಲ್ಲಿತ್ತು. ಹಾಗಾಗಿ ಅವರು ಓಡಿದ್ದು ಕಿಟೆಯ್ ಸೋನ್ ಎಂಬ ಜಪಾನೀ ಹೆಸರಿನಲ್ಲಿ, ಎದೆಯ ಮೇಲೆ ಜಪಾನಿನ ಸೂರ್ಯನನ್ನು ಹೊತ್ತು. ಮೂರನೆಯವರಾಗಿ ಬಂದ ನಾಮ್ ಸುಂಗ್ ಯೋಂಗ್ ಕೂಡ ಕೊರಿಯಾದವರೇ. ವಿಜೇತರ ವೇದಿಕೆಯ ಮೇಲೆ ಇಬ್ಬರೂ ತಲೆ ತಗ್ಗಿಸಿ ನಿಂತ ಚಿತ್ರವನ್ನು ನೀವು ನೋಡಿರಬಹುದು. ಚಿನ್ನ ಗೆದ್ದವರಿಗೆ ಒಂದು ಓಕ್ ಸಸಿ ಕೊಟ್ಟಿದ್ದರು. ಸೋನ್ ಅದನ್ನು ಎದೆಗೆ ಅಡ್ಡ ಹಿಡಿದು ಬಾವುಟವನ್ನು ಮರೆಮಾಡಿದರು. ನನಗೆ ಹೊಟ್ಟೆಕಿಚ್ಚಾದದ್ದು ಅವನ ಚಿನ್ನದ ಬಗ್ಗೆ ಅಲ್ಲ, ಆ ಸಸಿಯ ಬಗ್ಗೆ ಎಂದು ನಾಮ್ ಮುಂದೆ ಹೇಳಿಕೊಂಡರು. ಸೋಲ್‌ನ ದೋಂಗ್-ಆ ಇಲ್ಬೊ ಪತ್ರಿಕೆ ಆ ಚಿತ್ರದಿಂದ ಬಾವುಟವನ್ನು ಅಳಿಸಿ ಅಚ್ಚು ಹಾಕಿತು. ಪತ್ರಿಕೆಯವರು ಜೈಲು ಕಂಡರು, ಪತ್ರಿಕೆ ತಿಂಗಳುಗಟ್ಟಲೆ ಮುಚ್ಚಿತು.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸೋನ್ ಪಂಜು ಹಿಡಿದು ಕ್ರೀಡಾಂಗಣದೊಳಗೆ ಓಡಿಬಂದರು. 76ರ ವಯಸ್ಸಿನಲ್ಲಿ ಮಕ್ಕಳಂತೆ ಕುಪ್ಪಳಿಸುತ್ತ ಬಂದರು. 1992ರಲ್ಲಿ, ಮತ್ತೆ ಆಗಸ್ಟ್ 9ರಂದೇ, ಬಾರ್ಸಿಲೋನಾದಲ್ಲಿ ಕೊರಿಯಾದ ಹ್ವಾಂಗ್ ಯಂಗ್ ಚೋ ಜಪಾನಿನ ಓಟಗಾರನನ್ನು ಹಿಂದಿಕ್ಕಿ ಮ್ಯಾರಥಾನ್ ಗೆದ್ದಾಗ ಅವರು ಪ್ರೇಕ್ಷಕರ ನಡುವೆ ಇದ್ದರು. ಒಲಿಂಪಿಕ್ ದಾಖಲೆಯಲ್ಲಿ ಮಾತ್ರ 1936ರ ಆ ಪದಕ ಇಂದಿಗೂ ಜಪಾನಿನ ಲೆಕ್ಕದಲ್ಲೇ ಇದೆ. ಜಪಾನಿನಲ್ಲಿ ಆ ಪಟ್ಟಿ ಓದುವ ಒಬ್ಬ ಕ್ರೀಡಾಪ್ರೇಮಿಯನ್ನು ಕಲ್ಪಿಸಿಕೊಳ್ಳುತ್ತೇನೆ. ‘1936, ಮ್ಯಾರಥಾನ್, ಚಿನ್ನ’ ಎಂಬಲ್ಲಿ ಅವನ ಬೆರಳು ನಿಲ್ಲುತ್ತದೋ, ಮುಂದೆ ಸರಿಯುತ್ತದೋ?

ಅದೇ ಬರ್ಲಿನ್‌ನಲ್ಲಿ ಆರು ದಿನಗಳ ಬಳಿಕ, ಆಗಸ್ಟ್ 15ರಂದು, ಧ್ಯಾನ್ ಚಂದ್ ನಾಯಕತ್ವದ ಭಾರತ ಜರ್ಮನಿಯನ್ನು 8–1ರಿಂದ ಸೋಲಿಸಿತು. ಹನ್ನೊಂದು ವರ್ಷಗಳ ನಂತರ ಸ್ವಾತಂತ್ರ್ಯ ಬರಲಿದ್ದ ತಾರೀಖು. ಪಂದ್ಯಕ್ಕೆ ಮುಂಚೆ ಉಡುಪು ಬದಲಿಸುವ ಕೋಣೆಯಲ್ಲಿ ತಂಡದ ಸಹಾಯಕ ವ್ಯವಸ್ಥಾಪಕ ಪಂಕಜ್ ಗುಪ್ತಾ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹೊರತೆಗೆದರು, ಆಟಗಾರರು ಅದಕ್ಕೆ ವಂದಿಸಿ ಅಂಗಳಕ್ಕಿಳಿದರು ಎಂದು ಧ್ಯಾನ್ ಚಂದ್ ಅವರೇ ಬರೆದಿದ್ದಾರೆ. ಅಧಿಕೃತ ಬಾವುಟ ಬ್ರಿಟಿಷರದ್ದು, ಕೋಣೆಯೊಳಗಿನದು ತಮ್ಮದು. ಈ ಕಥೆ ಹೇಳುವಾಗ ನನಗೆ ಇಂದಿಗೂ ಮೈ ನವಿರೇಳುತ್ತದೆ, ಸುಳ್ಳೇಕೆ ಹೇಳಲಿ.

ಆದರೆ ಕಥೆಯ ಇನ್ನರ್ಧವನ್ನು ನಾವು ಹೇಳುವುದಿಲ್ಲ. ಆ ತಂಡದಲ್ಲಿ ಅಲಿ ಇಕ್ತಿದಾರ್ ಶಾ ದಾರಾ ಇದ್ದರು. ಹನ್ನೆರಡು ವರ್ಷಗಳ ನಂತರ 1948ರ ಲಂಡನ್ ಒಲಿಂಪಿಕ್ಸ್‌ಗೆ ಅದೇ ದಾರಾ ಬಂದದ್ದು ಪಾಕಿಸ್ತಾನ ತಂಡದ ನಾಯಕರಾಗಿ. 1948ರಲ್ಲಿ ಬ್ರಿಟನ್ನನ್ನು 4–0ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದ ಲತೀಫ್ ಉರ್ ರೆಹಮಾನ್ ಮತ್ತು ಅಖ್ತರ್ ಹುಸೇನ್ 1956ರಲ್ಲಿ ಪಾಕಿಸ್ತಾನಕ್ಕೆ ಬೆಳ್ಳಿ ಗೆದ್ದುಕೊಟ್ಟರು. ‘ನಾವು’ ಎಂಬುದರ ನಡುವೆ ಗೆರೆ ಎಳೆದಾಗ ಆಚೆಗೆ ಬಿದ್ದವರು, ಆಚೆಗೆ ಹೋದವರು, ಆಚೆಗೆ ತಳ್ಳಿಸಿಕೊಂಡವರು, ದಾರಿಯಲ್ಲೇ ಸತ್ತವರು. ಲಂಡನ್ನಿನ ಆ ಚಿನ್ನ ಬಂದದ್ದು ಕೊಲೆಗಳು ನಡೆದು ವರ್ಷ ತುಂಬುವ ಹೊತ್ತಿಗೆ. ಪದಕವನ್ನು ನೆನೆಯುವಾಗ ‘ಗೆದ್ದೆವು’, ವರ್ಷವನ್ನು ನೆನೆಯುವಾಗ ‘ನಡೆದುಹೋಯಿತು’. ಎರಡೂ ಒಂದೇ ವಾಕ್ಯದಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಬರ್ಲಿನ್ ಬಗ್ಗೆ ಮತ್ತೊಂದು ಮಾತು. ಕ್ರೀಡಾಕೂಟ ಶುರುವಾಗುವ ಮುಂಚೆ ನಗರದಲ್ಲಿದ್ದ ಯೆಹೂದಿ ದ್ವೇಷದ ಫಲಕಗಳನ್ನು ನಾಜಿಗಳು ತೆಗೆಸಿದರು. ರೋಮಾ ಮತ್ತು ಸಿಂಟಿ ಜನರನ್ನು ಜುಲೈನಲ್ಲಿ ಹಿಡಿದು ನಗರದ ಅಂಚಿನ ಮಾರ್ಜಾನ್ ಶಿಬಿರಕ್ಕೆ ಸಾಗಿಸಿದರು. ಎತ್ತರ ಜಿಗಿತದಲ್ಲಿ 1.60 ಮೀಟರ್ ಹಾರಿ ಜರ್ಮನ್ ದಾಖಲೆ ಸರಿಗಟ್ಟಿದ್ದ ಗ್ರೆಟೆಲ್ ಬರ್ಗ್‌ಮನ್ ಅವರನ್ನು ಯೆಹೂದಿ ಎಂಬ ಕಾರಣಕ್ಕೆ ತಂಡದಿಂದ ಹೊರಗಿಟ್ಟರು. ಬರ್ಲಿನ್ನಿಗೆ ಹತ್ತಿರದಲ್ಲೇ ಸಾಕ್ಸೆನ್‌ಹೌಸನ್ ಸೆರೆಶಿಬಿರ ಅದೇ ಬೇಸಿಗೆಯಲ್ಲಿ ಕಟ್ಟಲ್ಪಡುತ್ತಿತ್ತು. ನೆಂಟರು ಬಂದರು, ನೋಡಿದರು, ಎಷ್ಟು ಅಚ್ಚುಕಟ್ಟು ಎಂದು ಹೊಗಳಿ ಹೋದರು. ಫಲಕಗಳು ಮತ್ತೆ ಬಂದವು.

‘ಮಾನ ಹೋಯಿತು’ ಎಂದು ಬರೆದ ಗೆಳೆಯನ ಬಗ್ಗೆ ಆಗಾಗ ಯೋಚಿಸುತ್ತೇನೆ. ಅವನಿಗೆ ನಾಚಿಕೆಯಾದದ್ದು ನಿಜ, ಆದರೆ ಯಾವುದಕ್ಕೆ? ಪಟಾಕಿ ಹೊಡೆದದ್ದಕ್ಕೋ, ಅದು ಹೊರಗಿನವರಿಗೆ ಗೊತ್ತಾದದ್ದಕ್ಕೋ? 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ ರಸ್ತೆ ಬದಿಯ ಕೊಳೆಗೇರಿಗಳಿಗೆ ಬಿದಿರಿನ ತಟ್ಟಿ ಕಟ್ಟಿ ಮರೆಮಾಡಿದರು. ಬಡತನಕ್ಕೆ ನಾಚಿದ್ದರೆ ಆ ದುಡ್ಡಿನಲ್ಲಿ ಒಂದು ಚರಂಡಿಯನ್ನಾದರೂ ಕಟ್ಟುತ್ತಿದ್ದರು. ನಾಚಿದ್ದು ನೆಂಟರ ಕಣ್ಣಿಗೆ. ಅಂತರರಾಷ್ಟ್ರೀಯ ಕ್ರೀಡಾಕೂಟ ಎಂದರೆ ದೇಶವೊಂದು ಮುಖ ತೊಳೆದು ಬಾಗಿಲಲ್ಲಿ ನಿಲ್ಲುವ ಹೊತ್ತು. ಹಿತ್ತಲನ್ನು ನೋಡಬೇಕಾದ ಹೊತ್ತೂ ಬಹುಶಃ ಅದೇ.

ಇದಕ್ಕೆ ವಿರುದ್ಧ ತುದಿಯಲ್ಲಿ ನಾಚಿಕೆಯನ್ನೇ ಮೆರವಣಿಗೆ ಮಾಡುವವರಿದ್ದಾರೆ. ‘ಈ ದೇಶದಲ್ಲಿ ಹುಟ್ಟಿದ್ದಕ್ಕೆ ನಾಚಿಕೆಯಾಗುತ್ತದೆ’ ಎಂದು ಮೂರು ದಿನಕ್ಕೊಮ್ಮೆ ಬರೆಯುವವರು. ಅವರದೂ ಅನ್ಯಪುರುಷವೇ: ‘ಈ ಜನ ಹೀಗೆಯೇ.’ ತಲೆ ತಗ್ಗಿಸಿದಂತೆ ಕಾಣುತ್ತದೆ, ಆದರೆ ತಗ್ಗಿಸಿರುವುದು ಮಿಕ್ಕವರ ತಲೆಗಳನ್ನು. ನಾನೂ ಕೆಲವು ವರ್ಷ ಆ ಸಾಲಿನಲ್ಲಿ ಇದ್ದವನು.

‘ಅವರು’ ಎಂಬ ರೂಪದ ಬಳಕೆಯನ್ನು ಮೈಮೇಲೆ ಅನುಭವಿಸಿ ಹೇಳಿದವರು ಟರ್ಕಿ ಮೂಲದ ಜರ್ಮನ್ ಫುಟ್‌ಬಾಲ್ ಆಟಗಾರ ಮೆಸುಟ್ ಓಝಿಲ್. 2014ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದಾಗ ತಂಡದಲ್ಲಿದ್ದವರು. 2018ರಲ್ಲಿ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದಾಗ ದೂಷಣೆ ಅವರ ಮೇಲೆ ಬಂತು. ವಿಶ್ವಕಪ್‌ಗೆ ಮುಂಚೆ ಟರ್ಕಿಯ ಅಧ್ಯಕ್ಷರ ಜೊತೆ ಚಿತ್ರ ತೆಗೆಸಿಕೊಂಡಿದ್ದರು, ಅದೂ ಸೇರಿಕೊಂಡಿತು. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಎಂದು ಬರೆದು ರಾಷ್ಟ್ರೀಯ ತಂಡ ಬಿಟ್ಟರು. ಚರಿತ್ರೆಗೆ ನಾಚುವುದನ್ನು ಶಾಲೆಯಲ್ಲೇ ಕಲಿಸುವ ದೇಶ ಅದು. ಎರಡನೇ ಮಹಾಯುದ್ಧದ ಬಳಿಕ ದಶಕಗಳ ಕಾಲ ಅಲ್ಲಿ ಫುಟ್‌ಬಾಲ್ ಗೆದ್ದರೂ ಬಾವುಟ ಬೀಸಲು ಹಿಂಜರಿಯುತ್ತಿದ್ದರು. 2006ರಲ್ಲಿ ತಮ್ಮ ನೆಲದಲ್ಲೇ ವಿಶ್ವಕಪ್ ನಡೆದಾಗ ಕಾರಿನ ಕಿಟಕಿಗಳಲ್ಲಿ ಬಾವುಟ ಕಂಡದ್ದೇ ದೊಡ್ಡ ಸುದ್ದಿಯಾಗಿತ್ತು. ಅಷ್ಟು ಕಲಿತ ಮೇಲೂ ‘ಅವರು’ ಎಂಬುದು ನಾಲಿಗೆಯ ತುದಿಯಲ್ಲೇ ಕಾದಿರುತ್ತದೆ ಎಂದರೆ ಕಲಿಯದವರ ಗತಿ ಏನು?

ನಾಚಿಕೆಯ ಬಗ್ಗೆ ನಾನು ಕೇಳಿದ ಅತ್ಯಂತ ಗಟ್ಟಿಯಾದ ವಾದ ಆಸ್ಟ್ರೇಲಿಯಾದ್ದು. ಅಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರವೇ ತಾಯಂದಿರಿಂದ ಕಿತ್ತುಕೊಂಡು ಬೇರೆಡೆ ಬೆಳೆಸಿತು. ಇದು ಸುಮಾರು 1970ರವರೆಗೆ ನಡೆಯಿತು. (ನೋಡಿ, ನಾನೇ ‘ನಡೆಯಿತು’ ಎಂದುಬಿಟ್ಟೆ.) 1997ರಲ್ಲಿ ಇದರ ವಿಚಾರಣಾ ವರದಿ ಬಂದಾಗ ಪ್ರಧಾನಿ ಜಾನ್ ಹೋವರ್ಡ್ ರಾಷ್ಟ್ರದ ಪರವಾಗಿ ಕ್ಷಮೆ ಕೇಳಲು ಒಪ್ಪಲಿಲ್ಲ. ಹಿಂದಿನವರ ಕೃತ್ಯದ ಅಪರಾಧವನ್ನು ಇಂದಿನ ಪೀಳಿಗೆಯ ತಲೆಗೆ ಕಟ್ಟಬಾರದು ಎಂಬುದು ಅವರ ಮಾತು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಹುಟ್ಟುವ ಮೊದಲೇ ಮುಗಿದ ಕೊಲೆಗೆ ನಾನು ಹೇಗೆ ಅಪರಾಧಿ?

ಅಪರಾಧಿ ಅಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ 2000ದ ಸೆಪ್ಟೆಂಬರ್ 25ರ ರಾತ್ರಿ ಸಿಡ್ನಿಯಲ್ಲಿ ಕ್ಯಾಥಿ ಫ್ರೀಮನ್ 400 ಮೀಟರನ್ನು 49.11 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದಾಗ ಇದೇ ಇಂದಿನ ಪೀಳಿಗೆ, ಕ್ರೀಡಾಂಗಣದಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಜನ, ‘ಗೆದ್ದೆವು’ ಎಂದು ಎದ್ದು ನಿಂತಿತು. ಫ್ರೀಮನ್ ಮೂಲನಿವಾಸಿ. ಅವರ ಅಜ್ಜಿ ಹಾಗೆ ಕಿತ್ತುಕೊಳ್ಳಲ್ಪಟ್ಟ ಮಕ್ಕಳಲ್ಲಿ ಒಬ್ಬರು. ಓಡಿದ್ದು ಒಬ್ಬಳು, ಗೆದ್ದದ್ದು ಒಂದು ದೇಶ. ಓಡದವರು ಗೆಲುವಿನಲ್ಲಿ ಪಾಲು ತೆಗೆದುಕೊಳ್ಳಬಹುದಾದರೆ, ಮಾಡದವರಿಗೆ ಮಿಕ್ಕದ್ದರಲ್ಲಿ ಯಾವ ಪಾಲೂ ಇಲ್ಲ ಎನ್ನುವುದು ಹೇಗೆ? ಅಜ್ಜನ ಆಸ್ತಿ ಬೇಕೆಂದರೆ ಸಾಲವೂ ಬರುತ್ತದೆ ಎಂಬ ಹೋಲಿಕೆಯನ್ನು ಎಲ್ಲರೂ ಕೊಡುತ್ತಾರೆ. ನನಗೆ ಆ ಹೋಲಿಕೆ ಸಾಲದು. ಸಾಲವಾದರೆ ಎಂದೋ ತೀರಿ ರಸೀದಿ ಸಿಗುತ್ತದೆ. ಫ್ರೀಮನ್ ಅಜ್ಜಿಯ ಬಾಲ್ಯಕ್ಕೆ ಯಾರು ರಸೀದಿ ಬರೆಯುತ್ತಾರೆ?

ಗೆದ್ದ ಮೇಲೆ ಫ್ರೀಮನ್ ಎರಡು ಬಾವುಟ ಹಿಡಿದು ಓಡಿದರು, ದೇಶದ್ದು ಮತ್ತು ಮೂಲನಿವಾಸಿಗಳದ್ದು. 1994ರಲ್ಲಿ ಕೆನಡಾದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮೂಲನಿವಾಸಿಗಳ ಬಾವುಟ ಹಿಡಿದದ್ದಕ್ಕೆ ತಂಡದ ಮುಖ್ಯಸ್ಥರು ಅವರನ್ನು ಗದರಿದ್ದರು. ಸಿಡ್ನಿಯಲ್ಲಿ ಯಾರೂ ಗದರಲಿಲ್ಲ, ಒಲಿಂಪಿಕ್ ಚಿನ್ನ ಗೆದ್ದಿದ್ದರಲ್ಲ. ಸಂಸತ್ತಿನಲ್ಲಿ ಕ್ಷಮೆಯ ಮಾತು ಬಂದದ್ದು 2008ರ ಫೆಬ್ರುವರಿ 13ರಂದು, ಪ್ರಧಾನಿ ಕೆವಿನ್ ರಡ್ ಬಾಯಿಂದ.

ನಮ್ಮದೇ ಕ್ರೀಡಾಚರಿತ್ರೆಯಲ್ಲಿ ನಾನು ಎದೆಯುಬ್ಬಿಸಿ ಹೇಳುವ ಒಂದು ಸಂಗತಿಯಿದೆ, ಅದರಲ್ಲಿ ಗೆಲುವೇ ಇಲ್ಲ. 1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದದ ದೇಶದೊಂದಿಗೆ ಆಡುವುದಿಲ್ಲ ಎಂದು ಭಾರತ ಫೈನಲ್ಲನ್ನೇ ಬಿಟ್ಟಿತು. ಅಮೃತರಾಜ್ ಸಹೋದರರು ಕಪ್ಪು ಗೆಲ್ಲುವ ಅವಕಾಶ ಕೈಬಿಟ್ಟರು; ದಕ್ಷಿಣ ಆಫ್ರಿಕಾ ಆಡದೆಯೇ ಕಪ್ಪು ಪಡೆಯಿತು. ಹಳೆಯ ಕನ್ನಡದಲ್ಲಿ ನಿಷೇಧಕ್ಕೆ ಸೊಗಸಾದ ರೂಪವಿದೆ: ಆಡೆವು. ಅದರ ತುದಿಯಲ್ಲೂ ಅದೇ ‘ಎವು’. ಕಪ್ಪು ಬರದಿದ್ದರೂ ಆ ಬಾಲ ಹಿಡಿಯಲು ನನಗೆ ಸಂಕೋಚವಿಲ್ಲ ಎಂದುಕೊಂಡಿದ್ದೆ. ಆಮೇಲೆ ನೆನಪಾಯಿತು: 2001ರಲ್ಲಿ ಅದೇ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜನಾಂಗಭೇದದ ವಿರುದ್ಧ ವಿಶ್ವ ಸಮ್ಮೇಳನ ನಡೆದಾಗ, ಜಾತಿಯ ವಿಷಯವನ್ನು ಅಲ್ಲಿ ಎತ್ತುವುದಕ್ಕೆ ಭಾರತ ಸರ್ಕಾರ ಒಪ್ಪಲಿಲ್ಲ. ಅದು ನಮ್ಮ ಮನೆಯ ವಿಚಾರವಂತೆ. ತಟ್ಟಿ ಮತ್ತೆ ಮೇಲೆದ್ದಿತ್ತು, ಈ ಸಲ ಬಿದಿರಿನದ್ದಲ್ಲ.

ಆಗಸ್ಟ್ 6ರ ಬೆಳಗ್ಗೆ ಏಳು ಗಂಟೆಗೆ ಮಹಿಳೆಯರ ಕಂಚಿನ ಪಂದ್ಯ. ಎದುರಾಳಿ ಬ್ರಿಟನ್. ಮೊದಲು 0–2ರ ಹಿನ್ನಡೆ. ಗುರ್ಜಿತ್ ಕೌರ್ ಎರಡು ಗೋಲು ಹೊಡೆದು ಸಮ ಮಾಡಿದರು. ವಿರಾಮಕ್ಕೆ ಸ್ವಲ್ಪ ಮುಂಚೆ ವಂದನಾ ಹೊಡೆದ ಚೆಂಡು ಗೋಲಿನೊಳಗೆ ಹೋಯಿತು. 3–2. ಸೋಫಾದ ಅಂಚಿಗೆ ಬಂದು ಕುಳಿತವನು ಆಕೆಯ ಮುಖವನ್ನೇ ನೋಡಿದೆ. ಊರಿನಲ್ಲಿ ಏನಾಯಿತು ಎಂಬುದು ಅವರಿಗೆ ತಿಳಿದಿತ್ತೋ ಇಲ್ಲವೋ, ಮುಖ ಏನನ್ನೂ ಹೇಳಲಿಲ್ಲ. ಎರಡನೆಯ ಅರ್ಧದಲ್ಲಿ ಬ್ರಿಟನ್ ಎರಡು ಗೋಲು ಹೊಡೆದು 4–3ರಿಂದ ಗೆದ್ದಿತು. ನಮ್ಮ ಆಟಗಾರ್ತಿಯರು ಅಂಗಳದಲ್ಲೇ ಕುಸಿದು ಅತ್ತರು.

ಫೋನ್ ತೆಗೆದು ‘ಸೋತೆವು’ ಎಂದು ಬರೆದೆ. ಎರಡು ದಿನದ ಯೋಚನೆಯ ಫಲ, ನೆಟ್ಟಗಿನ ವ್ಯಾಕರಣ. ಕಳುಹಿಸಲು ಬೆರಳು ಏಳಲಿಲ್ಲ. ಮನೆಯ ಮುಂದೆ ಪಟಾಕಿ ಹೊಡೆಸಿಕೊಂಡವರ ಸೋಲಿನಲ್ಲಿ ನಾನು ಹೇಗೆ ನುಸುಳಲಿ? ಅವರು ‘ನಾವು’ ಎನ್ನುವಾಗ ನನ್ನನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ನಾನು ಎಂದಾದರೂ ಕೇಳಿದ್ದೇನೆಯೇ? ಅಷ್ಟರಲ್ಲಿ ಗುಂಪಿನಲ್ಲಿ ಒಬ್ಬ ಬರೆದ: ‘ಪಾಪ, ಚೆನ್ನಾಗಿ ಆಡಿದರು.’

ಬರೆದದ್ದನ್ನು ಅಳಿಸಿದೆ. ‘ವಂದನಾ ಕಟಾರಿಯಾ ಒಂದು ಗೋಲು ಹೊಡೆದರು’ ಎಂದಷ್ಟೇ ಬರೆದು ಕಳುಹಿಸಿದೆ.